ಓರಗಿತ್ತಿಯರ ಶೋಕೇಸು

ಲೊಕ್ಕನಹಳ್ಳಿಯ ಕಡೆ ಮಳೆ ಬೇಕೆಂದಾಗ ಬರುವುದಿಲ್ಲ, ಬೇಡವೆಂದಾಗ ಬಿಡುವುದಿಲ್ಲ. ಎರಡು ಸಾವಿರದ ನಾಲ್ಕರಲ್ಲಿ ನಂಜಯ್ಯನ ಹುಳುಮನೆಯಲ್ಲಿ ಗೂಡು ಬಿಡಿಸಲು ಕೂತ ಸಂಜೆಯೇ ಸರಿಯಾಗಿ ಹಿಡಿದುಕೊಂಡಿತು. ಬೆಳಗಾದರೆ ರೇಷ್ಮೆಗೂಡು ಕೊಳ್ಳೇಗಾಲದ ಮಾರುಕಟ್ಟೆ ಸೇರಬೇಕು. ಕರೆಂಟು ಹೋಗಿತ್ತು. ಬೀದಿಯ ಹೆಂಗಸರು ಗಂಡಸರೆಲ್ಲ ಒಂದು ಲಾಟೀನಿನ ಸುತ್ತ ಕೂತು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಮಂಡಿಗೊರಗಿಸಿಕೊಂಡು, ಒಂದೊಂದೇ ಗೂಡನ್ನು ಕಿತ್ತು ಮಂಕರಿಗೆ ಹಾಕುತ್ತಿದ್ದರು. ಹೆಂಚಿನ ಮೇಲೆ ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

"ಮಾದಜ್ಜಿ, ಕಣ್ಣು ಎಳೀತಾ ಅದೆ. ಏನಾರ ಏಳು," ಎಂದ ಮಾದಸ್ವಾಮಿ. "ದೆವ್ವದ್ದೇ ಏಳು. ಈ ಚಿಕ್ಕತಾಯಿ ಎದ್ರಿಕೊಂಡು ವಸಿ ಬಿರ್‍ರನೆ ಬುಡಿಸ್ಲಿ."

"ದಿನಾ ನಿನ್ ಮೊಕ ನೋಡೋಳು ದೆವ್ವಕ್ಕೆ ಎದ್ರುತಾಳಾ? ಓಗ್ಲಾ," ಎಂದಳು ಚಿಕ್ಕತಾಯಿ, ತಲೆ ಎತ್ತದೆ.

ಎಲ್ಲರೂ ನಕ್ಕರು. ಪುಟ್ಟಮಾದಮ್ಮ ನಗಲಿಲ್ಲ. ಅವಳು ಮಾತು ಕಡಿಮೆಯ ಮುದುಕಿ. ಶಾಲೆಯ ಬಾಗಿಲನ್ನು ಮಳೆಗೆ ನಿಲ್ಲಲು ಮಾತ್ರ ಕಂಡವಳು. ಆದರೆ ಯಾರ ಮನೆಯಲ್ಲಿ ಯಾವ ವರ್ಷ ಯಾವ ಹಸು ಕರು ಹಾಕಿತು ಅನ್ನುವುದು ಕೂಡ ಅವಳಿಗೆ ನೆನಪಿತ್ತು. ಕೈಯಲ್ಲಿದ್ದ ಗೂಡನ್ನು ಮಂಕರಿಗೆ ಹಾಕಿ, ಸೆರಗಿನಲ್ಲಿ ಬೆರಳು ಒರೆಸಿಕೊಂಡಳು.

"ದೆವ್ವ ಅಂದ್ರೆ ಉಣಸೇಮರಕ್ಕೆ ಜೋತಾಡ್ತಾ ಇರ್ತದೆ ಅನ್ಕಂಡಿದ್ದೀರಾ? ನಾ ಕಂಡಿರದು ನಡುಮನೇಲಿ ಇರದು. ನಮ್ಮ ಗೋಡೆ ಆ ಕಡೇದು. ಓದ ವರ್ಸ ತೀರ್ಕಂಡ್ಳಲ್ಲ ರಾಚಮ್ಮ, ಅವಳ ಮನೇದು. ಅವಳಿಗೆ ಏನಾಯ್ತು ಅಂತ ನಿಮ್ಗೆ ಯಾರೂ ಸರ್ಯಾಗಿ ಏಳಿಲ್ಲ, ಅಲ್ವಾ?"

ಗೂಡು ಕೀಳುವ ಕೈಗಳು ನಿಧಾನವಾದವು. ಪುಟ್ಟಮಾದಮ್ಮ ಹೇಳತೊಡಗಿದಳು. ಅವಳು ಹೇಳಿದ್ದು ಹೀಗೆ.

ರಾಚಮ್ಮ ರಾಜಣ್ಣನ ಕೈ ಹಿಡಿದು ಆ ಮನೆಗೆ ಬಂದಾಗ ನಡುಮನೆಯ ಗೋಡೆಗೆ ಉದ್ದಕ್ಕೂ ಒಂದು ಹಲಗೆ ಹೊಡೆದಿತ್ತು. ಹಲಗೆಯ ಮೇಲೆ ಹಿತ್ತಾಳೆ ಪಾತ್ರೆ. ಹೊಸ ಸೊಸೆ ಒಂದು ಶುಕ್ರವಾರ ಅಷ್ಟನ್ನೂ ಇಳಿಸಿ, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ದೊಡ್ಡ ಕೊಳಗದ ಪಕ್ಕ ಅದಕ್ಕಿಂತ ಚಿಕ್ಕದು, ಅದರ ಪಕ್ಕ ಇನ್ನೂ ಚಿಕ್ಕದು, ಹೀಗೆ ಹೆಬ್ಬೆರಳು ಗಾತ್ರದ ಗಿಂಡಿಯವರೆಗೆ ದಾರ ಹಿಡಿದ ಹಾಗೆ ಸಾಲಾಗಿ ನಿಲ್ಲಿಸಿದಳು. ಬಂದವರೆಲ್ಲ ಬಾಗಿಲಲ್ಲೇ ನಿಂತು "ಯಾರವ್ವ ಜೋಡ್ಸಿರೋಳು?" ಅನ್ನುವರು. ಅತ್ತೆ "ನಮ್ಮ ರಾಚಿ" ಅನ್ನುವಳು. ಅಷ್ಟೇ. ಮೈಮೇಲೆ ಒಡವೆಯಿಲ್ಲದ, ಕಪ್ಪಗೆ ಒರಟಾಗಿದ್ದ ಆ ಹೆಣ್ಣಿಗೆ ಆ ಎರಡು ಮಾತೇ ಮೂಗುತಿ, ಅದೇ ಓಲೆ. ಬೇರೇನೂ ಬೇಕಿರಲಿಲ್ಲ... ಒಬ್ಬರಿಗೆ ಬದುಕಲು ಎಷ್ಟು ಬೇಕು ಹೇಳಿ?

ಎಂಬತ್ತಾರರಲ್ಲಿ ರಾಜಣ್ಣನ ತಮ್ಮ ಸ್ವಾಮಿಗೆ ಮದುವೆಯಾಯಿತು. ಹುಡುಗಿ ಕೊಳ್ಳೇಗಾಲದವಳು, ಯಶೋದ. ಅವಳ ಜೊತೆಯಲ್ಲಿ ಲಾರಿಯ ಮೇಲೆ ಹಗ್ಗ ಬಿಗಿಸಿಕೊಂಡು ಒಂದು ಶೋಕೇಸು ಬಂತು. ಹೊನ್ನೆ ಮರದ್ದು, ಆಳೆತ್ತರ, ಮೇಲೊಂದು ಕೆಳಗೊಂದು ಅಂಕಣ, ಮುಂದೆ ಜಾರಿಸುವ ಗಾಜು, ಗಾಜಿಗೊಂದು ಬೀಗ. ಊರೇ ನೋಡಲು ನೆರೆಯಿತು. ಇಡುವುದಕ್ಕೆ ಜಾಗವೆಲ್ಲಿ? ನಡುಮನೆಯ ಗೋಡೆ ಒಂದೇ. ಮಾತು ಮುಗಿಯುವುದರೊಳಗೆ ಗಂಡಸರು ಹಲಗೆ ಕಿತ್ತರು. ರಾಚಮ್ಮನ ಹಿತ್ತಾಳೆ ಪಾತ್ರೆಗಳು ಗೋಣಿಚೀಲ ಸೇರಿ ಅಡುಗೆಮನೆಯ ಅಟ್ಟ ಹತ್ತಿದವು. ರಾಚಮ್ಮ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತೇನೋ...

ಯಶೋದ ತನ್ನ ಪೆಟ್ಟಿಗೆ ಬಿಚ್ಚಿದಳು. ಚನ್ನಪಟ್ಟಣದ ಮರದ ಗೊಂಬೆಗಳು, ಪಿಂಗಾಣಿ ಬಾತುಕೋಳಿ, ತಲೆಯಾಡಿಸುವ ಮುದುಕ ಮುದುಕಿ, ವೈರಿನಲ್ಲಿ ಹೆಣೆದ ಗಿಣಿ, ತೂತುಬಿದ್ದ ರೇಷ್ಮೆಗೂಡನ್ನು ಕತ್ತರಿಸಿ ಬಣ್ಣ ಹಾಕಿ ಅವಳೇ ಮಾಡಿದ ಹೂಗೊಂಚಲು. ಅವಳು ಸಾಲಾಗಿ ಇಡುವವಳಲ್ಲ. ಮುದುಕ ಮುದುಕಿಯನ್ನು ಎದುರುಬದುರಾಗಿ ಜಗಳವಾಡುವ ಹಾಗೆ ಇಟ್ಟಳು. ಅದನ್ನು ಕದ್ದು ನೋಡುವ ಹಾಗೆ ಹೂವಿನ ಮರೆಯಲ್ಲಿ ಬಾತುಕೋಳಿ. ಆಮೇಲೆ ಒಂದಿಷ್ಟು ಜಾಗ ಖಾಲಿ. ಆ ಖಾಲಿ ಜಾಗವೂ ಒಂದು ಗೊಂಬೆಯೇ ಅನ್ನಿಸುವ ಹಾಗಿತ್ತು. ನೋಡಿದವರು ನಕ್ಕುಬಿಡುತ್ತಿದ್ದರು. ರಾಚಮ್ಮನ ಸಾಲು ನೋಡಿ ಭೇಷ್ ಅಂದವರಿದ್ದರು. ನಕ್ಕವರು ಯಾರೂ ಇರಲಿಲ್ಲ.

ಯಶೋದ ಕೆಟ್ಟವಳೇ? ಅಲ್ಲ. ಅದೇ ಕಷ್ಟವಾದದ್ದು. ಕೆಟ್ಟವಳಾಗಿದ್ದರೆ ರಾಚಮ್ಮ ಜಗಳ ತೆಗೆದು ಹಗುರಾಗುತ್ತಿದ್ದಳು. "ಅಕ್ಕಾ, ನೀನೂ ಜೋಡ್ಸು ಬಾ" ಎಂದು ಅವಳೇ ಕರೆಯುತ್ತಿದ್ದಳು. ಒಂದು ಸಲ ರಾಚಮ್ಮ ಮಾದಪ್ಪನ ಬೆಟ್ಟಕ್ಕೆ ನಡೆದು ಹೋದವಳು ಅಂಗಡಿ ಸಾಲಿನಲ್ಲಿ ಒಂದು ಗಾರೆಯ ಹುಲಿ ಕೊಂಡು, ಮಡಿಲಲ್ಲಿ ಮಗುವಿನಂತೆ ಹೊತ್ತು ತಂದಳು. ತಂದು ಶೋಕೇಸಿನ ನಟ್ಟನಡುವೆ ನೆಟ್ಟಗೆ ಇಟ್ಟಳು. ಯಶೋದ ನೋಡಿದಳು, ಬೆರಳ ತುದಿಯಿಂದ ಹುಲಿಯನ್ನು ಒಂದಿಷ್ಟೇ ಓರೆಗೆ ತಿರುಗಿಸಿದಳು. ಅಷ್ಟಕ್ಕೇ ಹುಲಿ ಬಾತುಕೋಳಿಯ ಕಡೆ ನೋಡತೊಡಗಿತು, ಜೀವ ಬಂದುಬಿಟ್ಟಿತು. ಸಂಜೆ ಬಂದ ನೆಂಟರು ಏನಂದರು ಗೊತ್ತೇ?

"ಎಂಥಾ ಉಲಿ ತಂದಿದ್ದೀಯೇ ಯಶೋದಾ!"

ರಾಚಮ್ಮ ಟೀ ಲೋಟ ಇಟ್ಟು ಒಳಗೆ ಹೋದಳು. ಕೆನ್ನೆಗೆ ಹೊಡೆದಿದ್ದರೆ ಉರಿ ಆರುತ್ತಿತ್ತು, ಆ ಬೆರಳ ತುದಿಯ ಉರಿ ಆರಲಿಲ್ಲ. ಹೆತ್ತ ಮಗಳು ಸಿಂಧು ಕೂಡ ಊಟಕ್ಕೆ ಕರೆದರೆ ಚಿಕ್ಕವ್ವನ ಸೆರಗು ಬಿಟ್ಟು ಬರುತ್ತಿರಲಿಲ್ಲ.

ತೊಂಬತ್ತೆರಡರಲ್ಲಿ ಯಶೋದಳಿಗೆ ಕಾಮಾಲೆ ಆಯಿತು. ಸೊಪ್ಪಿನ ಔಷಧಿ ಕುಡಿಸಿದರು, ಕೊಳ್ಳೇಗಾಲಕ್ಕೂ ಒಯ್ದರು... ಉಳಿಯಲಿಲ್ಲ. ಮಕ್ಕಳಾಗಿರಲಿಲ್ಲ. ಸ್ವಾಮಿ ಊರು ಬಿಟ್ಟು ಬೆಟ್ಟದಲ್ಲಿ ತೆಂಗಿನಕಾಯಿ ಅಂಗಡಿ ಇಟ್ಟುಕೊಂಡ. ರಾಚಮ್ಮ ಅತ್ತಳೇ? ಅತ್ತಳು. ಸುಳ್ಳು ಅಳು ಅತ್ತಳೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಎದೆ ಬಡಿದುಕೊಂಡು ಅತ್ತಳು. ಹನ್ನೊಂದನೆಯ ದಿನದ ಕಾರ್ಯ ಕಳೆದ ಮೇಲೆ ಶೋಕೇಸಿನ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಗಾಜು ಸರಿಸಿ, ಎಲ್ಲವನ್ನೂ ಇಳಿಸಿ ಒರೆಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲಿಸಿದಳು. ಕೂತು ನೋಡಿದಳು. ಇನ್ನು ಮೇಲೆ ಬಂದವರು ಕೇಳಿದರೆ ಹೇಳಲು ಒಂದೇ ಹೆಸರು ಅಂದುಕೊಂಡಳು.

ಆ ವರ್ಷದ ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಎಡೆ ಇಡುವುದು ನಿಮಗೆಲ್ಲ ಗೊತ್ತಿರುವುದೇ. ಸತ್ತವರಿಗೆ ಹೊಸ ಬಟ್ಟೆ, ಉಂಡು ಬೆಳೆದ ಅಡುಗೆ, ಮುತ್ತೈದೆಯಾಗಿ ಹೋದವಳಿಗೆ ಬಳೆ, ಬಾಚಣಿಗೆ, ಕನ್ನಡಿ, ಅರಿಶಿನ, ಕುಂಕುಮ. ಅದರ ಜೊತೆಗೆ ಅವರು ಜೀವ ಇಟ್ಟುಕೊಂಡಿದ್ದ ವಸ್ತು ಒಂದು. ಎಲ್ಲವನ್ನೂ ಇಟ್ಟು, ಬಾಗಿಲು ಮುಚ್ಚಿ, ಮನೆಯವರು ಆಚೆ ಕೂರಬೇಕು. ಬಂದವರು ಉಂಡು, ತಮ್ಮದನ್ನು ನೋಡಿ ಕಣ್ಣು ತುಂಬಿಸಿಕೊಂಡು ಹೊರಟುಹೋಗುತ್ತಾರೆ. ಆಮೇಲೆ ಯಜಮಾನ ಕೆಮ್ಮಿ ಬಾಗಿಲು ತೆಗೆಯಬೇಕು. ಜೀವ ಇಟ್ಟ ವಸ್ತು ಎಡೆಯಲ್ಲಿ ಇಲ್ಲದಿದ್ದರೆ? ಹೋಗುವುದಿಲ್ಲ. ಇವತ್ತು ಕೊಟ್ಟಾರು, ನಾಳೆ ಕೊಟ್ಟಾರು ಎಂದು ಕಾದು ಕೂರುತ್ತಾರೆ.

"ಯಶೋದಂಗೆ ಒಂದು ಗೊಂಬೆ ಇಡೇ," ಎಂದೆ ನಾನೇ.

"ಗೊಂಬೆ ಅವಳದ್ದಲ್ಲ ಕಣಕ್ಕ, ಮನೇದು," ಎಂದಳು ರಾಚಮ್ಮ. "ಅವಳಿಗೆ ಅಂಥಾದ್ದು ಏನೂ ಇಷ್ಟ ಇರ್ನಿಲ್ಲ."

ಎಡೆಯಾದ ಮಾರನೆಯ ಬೆಳಗ್ಗೆ ನೋಡಿದರೆ ಸಾಲಿನಲ್ಲಿ ನೆಟ್ಟಗೆ ನಿಂತಿದ್ದ ಹುಲಿ ಒಂದಿಷ್ಟೇ ಓರೆಗೆ ತಿರುಗಿತ್ತು.

ಸಿಂಧುವಿನ ಕೆಲಸವೆಂದು ರಾಚಮ್ಮ ಅವಳಿಗೆ ಎರಡು ಬಿಟ್ಟಳು. ಬೀಗದಕೈ ತನ್ನ ಸೊಂಟದಲ್ಲೇ ಇದೆ ಎಂದು ನೆನಪಾದದ್ದು ಆಮೇಲೆ. ಹುಲಿಯನ್ನು ನೆಟ್ಟಗೆ ಮಾಡಿದಳು. ಮಾರನೆಯ ದಿನ ಮುದುಕ ಮುದುಕಿ ಎದುರುಬದುರಾಗಿದ್ದರು. ಸಾಲು ಮಾಡಿದಳು. ಅದರ ಮಾರನೆಯ ದಿನ ಬಾತುಕೋಳಿ ಹೂವಿನ ಮರೆ ಸೇರಿತ್ತು... ಗೋಡೆಯ ಈ ಕಡೆ ಮಲಗಿದವಳಿಗೆ ನನಗೆ ಕೇಳುತ್ತಿತ್ತು. ಅಳು ಇಲ್ಲ, ಗೆಜ್ಜೆ ಇಲ್ಲ. ಗಾಜು ಸರಿಯುವ ಸದ್ದು ಮಾತ್ರ. ಸರ್‍ರ್... ಒಂದಿಷ್ಟು ಹೊತ್ತು ಬಿಟ್ಟು, ಸರ್‍ರ್... ಒಬ್ಬ ಗೃಹಿಣಿ ಮನೆಗೆಲಸ ಮಾಡುವಷ್ಟೇ ಸಮಾಧಾನವಾದ ಸದ್ದು.

ಬೇರೆ ಯಾರಾದರೂ ಆಗಿದ್ದರೆ ಹೆದರಿ ಮಂತ್ರವಾದಿಯನ್ನು ಕರೆಸುತ್ತಿದ್ದರು. ರಾಚಮ್ಮನಿಗೆ ಹೆದರಿಕೆಯೇ ಆಗಲಿಲ್ಲ. ಹೊಟ್ಟೆ ಉರಿಯಿತು. ಏಕೆಂದರೆ ಅವಳು ಮತ್ತೆ ಸಾಲು ಮಾಡುವ ಮೊದಲೇ ಬಂದವರು ನೋಡಿ ಈಗಲೂ ನಗುತ್ತಿದ್ದರು. "ಯಶೋದ ಇದ್ದಾಗ ಎಂಗಿತ್ತೋ ಅಂಗೇ ಇಟ್ಟಿದ್ದೀಯಲ್ಲೇ ರಾಚಿ. ಪಾಪ, ಏನ್ ಕೈಯವ್ವ ಅವಳದು!" ಅನ್ನುತ್ತಿದ್ದರು. ಮಣ್ಣಿಗೆ ಹೋದವಳು ಹೊಗಳಿಸಿಕೊಳ್ಳುತ್ತಿದ್ದಾಳೆ, ಸೊಂಟದಲ್ಲಿ ಬೀಗದಕೈ ಸಿಕ್ಕಿಸಿಕೊಂಡವಳು ಟೀ ಕೊಡುತ್ತಿದ್ದಾಳೆ!

ನಾನು ಒಂದು ಸಂಜೆ ಹಿತ್ತಲಲ್ಲಿ ಹಿಡಿದು ಕೂರಿಸಿ ಹೇಳಿದೆ. "ಬರೋ ಅಮಾಸೆಗೆ ಆ ಗೊಂಬೆ ಒಂದಿಟ್ಟು ಕಳಿಸ್ಬುಡೇ. ನಿಂಗೂ ನೆಮ್ಮದಿ, ಅವಳಿಗೂ ನೆಮ್ಮದಿ."

ರಾಚಮ್ಮ ಒಲೆಗೆ ಕಡ್ಡಿ ಮುರಿಯುತ್ತಿದ್ದಳು. ಮುರಿದದ್ದನ್ನೇ ಮತ್ತೆ ಮುರಿದಳು.

"ಕಳಿಸ್ತೀನಿ ಮಾದಕ್ಕ. ಗೆದ್ಮೇಲೆ ಕಳಿಸ್ತೀನಿ. ಈಗ ಕಳಿಸ್ಬುಟ್ರೆ ಅವಳೇ ಗೆದ್ದಂಗೆ ಉಳಕತ್ತಳೆ. ಒಂದೇ ಒಂದು ಕಿತ ಯಾರಾದ್ರೂ 'ರಾಚಿ, ನಿನ್ ಕೈ ಚೆಂದ' ಅನ್ಲಿ. ಅವಳ ಮುಂದೇನೇ ಅನ್ಲಿ. ಆವತ್ತು ಒಂದಲ್ಲ, ಅಷ್ಟೂ ಗೊಂಬೆ ಎಡೆಗಿಡ್ತೀನಿ."

"ಸತ್ತೋಳ ಜೊತೆ ಪಂತವೇನೇ?"

"ಬದುಕಿದ್ದಾಗ ಅವಳು ಪಂತಕ್ಕೆ ಬರ್ನಿಲ್ವಲ್ಲ. ಅಕ್ಕಾ ಅಕ್ಕಾ ಅನ್ಕಂಡೇ ಗೆದ್ಕಂಡ್ಳು."

ಹೀಗೆ ಶುರುವಾಯಿತು. ವರ್ಷಕ್ಕೆ ವರ್ಷ ಎಡೆ ಬಂತು, ವರ್ಷಕ್ಕೆ ವರ್ಷ ಗೊಂಬೆ ಇಡಲಿಲ್ಲ. ರಾಚಮ್ಮ ಹನೂರಿಗೆ ಹೋದರೆ ಬಳೆ ಅಂಗಡಿ ಬಿಟ್ಟು ಪಿಂಗಾಣಿ ಅಂಗಡಿ ಹೊಕ್ಕಳು. ಯಳಂದೂರಿನಲ್ಲಿ ನೆಂಟರ ಮದುವೆಗೆ ಹೋದವಳು ಹೆಣ್ಣು ನೋಡಲಿಲ್ಲ, ಬೀಗರ ಮನೆಯ ಟಿವಿಯ ಮೇಲೆ ಏನು ಇಟ್ಟಿದ್ದಾರೆ, ಹೇಗೆ ಇಟ್ಟಿದ್ದಾರೆ ಎಂದು ನೋಡಿ ಬಂದಳು. ಕನ್ನಡಿ ಚೂರು ಮೆತ್ತಿದ ಆನೆ ತಂದಳು, ಪ್ಲಾಸ್ಟಿಕ್ ದ್ರಾಕ್ಷಿ ತಂದಳು. ರಾಜಣ್ಣ "ಇದೇನಮ್ಮಿ, ವಯಸ್ಸಾದ ಮೇಲೆ ಬೊಂಬೆ ಆಟ" ಎಂದು ತಲೆ ಚಚ್ಚಿಕೊಂಡ. ಅವಳು ತಂದದ್ದನ್ನೆಲ್ಲ ರಾತ್ರಿ ಕಳೆಯುವುದರೊಳಗೆ ಆ ಇನ್ನೊಬ್ಬಳು ಎತ್ತಿಕೊಂಡು, ಮಾತಿಲ್ಲದೆ ಚೆಂದ ಮಾಡಿಡುತ್ತಿದ್ದಳು. ಒಡೆಯಲಿಲ್ಲ, ಬೀಳಿಸಲಿಲ್ಲ. ಒಂದು ದಿನವೂ ಬಾತುಕೋಳಿಯ ಕೊಕ್ಕು ಮುಕ್ಕಾಗಲಿಲ್ಲ. ಒಡೆದಿದ್ದರೆ ದೆವ್ವವೆಂದು ಬೈದು ಸಮಾಧಾನ ಪಡಬಹುದಿತ್ತಲ್ಲ...

ಕೊನೆಗೆ ರಾಚಮ್ಮ ಒಂದು ಕೆಲಸ ಮಾಡಿದಳು. ಸಾಲು ಬಿಟ್ಟಳು. ಅಷ್ಟು ವರ್ಷ ಸೋತು ಸೋತು ಅವಳಿಗೂ ಕಣ್ಣು ತೆರೆದಿತ್ತು. ಇಡೀ ಒಂದು ದಿನ ಬಾಗಿಲು ಹಾಕಿಕೊಂಡು, ಯಶೋದಳ ಹಾಗೆಯೇ, ಯಾವುದು ಯಾವುದನ್ನು ನೋಡಬೇಕೋ ಹಾಗೆ, ಎಲ್ಲಿ ಖಾಲಿ ಬಿಡಬೇಕೋ ಅಲ್ಲಿ ಖಾಲಿ ಬಿಟ್ಟು ಜೋಡಿಸಿದಳು. ನನ್ನನ್ನು ಕರೆದು ತೋರಿಸಿದಳು. ನಿಜ ಹೇಳುತ್ತೇನೆ, ಚೆನ್ನಾಗಿತ್ತು. ನಾನು ಹೇಳಬೇಕೆಂದು ಬಾಯಿ ತೆರೆಯುವುದರೊಳಗೆ ಸಿಂಧು ಹೊರಗಿನಿಂದ ಬಂದು ನೋಡಿ, ಕಣ್ಣಲ್ಲಿ ನೀರು ತಂದುಕೊಂಡು, "ಚಿಕ್ಕವ್ವ ಬಂದಂಗಾಯ್ತು ಕಣವ್ವ" ಅಂದುಬಿಟ್ಟಳು.

ಮಾರನೆಯ ಬೆಳಗ್ಗೆ ಶೋಕೇಸಿನಲ್ಲಿ ಏನೂ ಬದಲಾಗಿರಲಿಲ್ಲ. ಆನೆ ಮಾತ್ರ... ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಸರಿದ ಮೇಲೆ ನೋಡಿದರೆ, ಅದು ಇರಬೇಕಾದದ್ದು ಅಲ್ಲೇ!

ಪುಟ್ಟಮಾದಮ್ಮ ಇಲ್ಲಿ ನಿಲ್ಲಿಸಿ ಒಂದು ಗೂಡು ಕಿತ್ತಳು. ಮಳೆ ಜೋರಾಗಿತ್ತು.

"ಆಮೇಲೆ?" ಎಂದ ಮಾದಸ್ವಾಮಿ. ದನಿಯಲ್ಲಿ ಮೊದಲಿನ ತಮಾಷೆ ಇರಲಿಲ್ಲ.

"ಆಮೇಕೆ ಓದ ವರ್ಸದ ಮಾಲಯ ಅಮಾಸೆ," ಎಂದಳು ಪುಟ್ಟಮಾದಮ್ಮ.

ಹೋದ ವರ್ಷ ರಾಚಮ್ಮ ಹಠಕ್ಕೆ ಬಿದ್ದಳು. ಎಡೆಯ ಹಿಂದಿನ ದಿನ ಶೋಕೇಸಿನಲ್ಲಿದ್ದುದನ್ನೆಲ್ಲ ಒಂದೂ ಬಿಡದೆ ಟ್ರಂಕಿಗೆ ತುಂಬಿ, ಟ್ರಂಕನ್ನು ನಮ್ಮ ಮನೆಯಲ್ಲಿ ತಂದಿಟ್ಟಳು. "ಈಗ ಜೋಡಿಸ್ಲಿ ನೋಡವಾ, ಗಾಳೀನ," ಎಂದಳು. ಖಾಲಿ ಶೋಕೇಸಿಗೆ ಬೀಗ ಹಾಕಿದಳು. ಮಾರನೆಯ ಮಧ್ಯಾಹ್ನ, ಬಿಸಿಲು ಚುರುಗುಟ್ಟುವ ಹೊತ್ತು, ನಡುಮನೆಯಲ್ಲಿ ಎಲೆ ಹಾಕಿ ಎಲ್ಲರ ಎಡೆಯೂ ಆಯಿತು. ಬಾಗಿಲು ಮುಚ್ಚಿ ಜಗುಲಿಯಲ್ಲಿ ಕೂತೆವು. ರಾಜಣ್ಣ, ಸಿಂಧು, ಅವಳನ್ನು ಕಟ್ಟಿಕೊಂಡ ಮನೆಅಳಿಯ, ರಾಚಮ್ಮ, ನಾನು. ಒಳಗೆ ಗಾಜು ಸರಿಯಿತು. ಎಲ್ಲರಿಗೂ ಕೇಳಿಸಿತು. ಬಹಳ ಹೊತ್ತು ಕೇಳಿಸಿತು. ಆಮೇಲೆ ರಾಜಣ್ಣ ಕೆಮ್ಮಿ ಬಾಗಿಲು ತೆಗೆದ.

ಎಲೆಯ ಮೇಲಿನ ಎಡೆಗೆ ಕೈ ಹಾಕಿದ ಗುರುತಿಲ್ಲ. ಶೋಕೇಸು ತುಂಬಿತ್ತು.

ಗೊಂಬೆಗಳಲ್ಲ. ಗೊಂಬೆಗಳು ನಮ್ಮ ಮನೆಯ ಟ್ರಂಕಿನಲ್ಲಿದ್ದವು. ಅಲ್ಲಿದ್ದದ್ದು ರಾಚಮ್ಮನ ಸಾಮಾನು. ಅವಳ ತಾಯಿ ಸಾಯುವ ಮುಂಚೆ ಕೊಟ್ಟಿದ್ದ, ಉಡದೆ ಮಡಿಸಿಟ್ಟಿದ್ದ ಕುಪ್ಪಸದ ಕಣ. ಅಟ್ಟದ ಗೋಣಿಚೀಲದಲ್ಲಿ ಕಂದಿಹೋಗಿದ್ದ ಹಿತ್ತಾಳೆ ಪಾತ್ರೆಗಳು, ಈಗ ತಿಕ್ಕಿ ಬೆಳಗಿದಂತೆ ಹೊಳೆಯುತ್ತಿದ್ದವು. ಬೆಲ್ಲದಚ್ಚಿನ ಒಂದು ಚೂರು. ಯಾರಿಗೂ ಕಾಣದಂತೆ ಅವಳು ಅಕ್ಕಿಯ ಮಡಕೆಯಲ್ಲಿ ಬಚ್ಚಿಟ್ಟು ತಿನ್ನುತ್ತಿದ್ದದ್ದು. ಹಸಿರು ಬಳೆ. ಹಲ್ಲು ಮುರಿದ ಅವಳ ಬಾಚಣಿಗೆ. ಅವಳ ಕೈಗನ್ನಡಿ. ಮುಂದೆ ಒಂದು ಚಿಟಿಕೆ ಅರಿಶಿನ, ಒಂದು ಚಿಟಿಕೆ ಕುಂಕುಮ.

ಅದು ಏನೆಂದು ನಮಗೆಲ್ಲ ಗೊತ್ತಿತ್ತು. ಅದು ಎಡೆ. ಎದ್ದು ನಿಂತು ಉಸಿರಾಡುತ್ತಿರುವ ಹೆಂಗಸಿಗೆ ಇಟ್ಟ ಎಡೆ. ಮತ್ತೆ, ಹೇಳಲೇಬೇಕು... ಅಷ್ಟು ಚೆಂದದ ಎಡೆಯನ್ನು ನಾನು ನನ್ನ ಜೀವಮಾನದಲ್ಲಿ ನೋಡಿಲ್ಲ. ಆ ಬೆಳಗಿದ ಗಿಂಡಿಯ ಹೊಟ್ಟೆಯಲ್ಲಿ ಬಳೆಯ ಹಸಿರು ಬಿದ್ದಿತ್ತು. ಕನ್ನಡಿಯನ್ನು ಹೇಗೆ ಇಟ್ಟಿದ್ದಳೆಂದರೆ ಎದುರು ನಿಂತ ರಾಚಮ್ಮನ ಮುಖ ಆ ಸಾಮಾನಿನ ನಡುವೆ ಒಂದು ಪಟದ ಹಾಗೆ ಕೂತಿತ್ತು.

ಸಿಂಧು ಕಿರುಚಿದಳು. ರಾಜಣ್ಣ ಬಾಗಿಲ ದಾರಂದ ಹಿಡಿದುಕೊಂಡ. ರಾಚಮ್ಮ ಮಾತ್ರ ನೋಡಿದಳು, ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ. ಅವಳ ಮುಖದಲ್ಲಿ ಹೆದರಿಕೆ ಎಲ್ಲಿತ್ತು? ಅದೇ ಹಳೇ ಉರಿ.

"ನೋಡ್ದಾ ಮಾದಕ್ಕ," ಎಂದಳು. "ನನ್ ಎಡೇನೂ ಇವಳೇ ಚೆಂದಾಗಿ ಇಟ್ಟವಳೆ!"

"ಮುಟ್ಬೇಡ ಕಣೇ, ಬಾ ಆಚೆಗೆ," ಎಂದು ನಾನು ಕೈ ಹಿಡಿದೆ. ಎಡೆ ಮುಟ್ಟುವ ಹಕ್ಕು ಯಾರಿಗಿದೆ ಹೇಳಿ? ಯಾರಿಗೆ ಇಟ್ಟಿದೆಯೋ ಅವರಿಗೆ. ಅವಳು ಮುಟ್ಟಿದರೆ ತಾನೂ ಸತ್ತವರ ಸಾಲಿನವಳೆಂದು ಒಪ್ಪಿಕೊಂಡಂತೆ.

"ಎಲ್ರೂ ಆಚೆಗೆ ನಡೀರಿ," ಎಂದು ನನ್ನ ಕೈ ಕೊಡವಿದಳು. "ನಂಗೆ ಯಾವ್ದು ಎಲ್ಲಿರ್ಬೇಕು ಅಂತ ನಂಗೊತ್ತಿಲ್ವಾ? ಅದನ್ನೂ ಇವಳೇ ಏಳ್ಬೇಕಾ?"

ನಮ್ಮನ್ನು ತಳ್ಳಿ, ಒಳಗಿನಿಂದ ಅಗುಳಿ ಹಾಕಿಕೊಂಡಳು. ಗಾಜು ಸರಿಯಿತು. ಪಾತ್ರೆ ಪಾತ್ರೆಗೆ ತಗುಲಿತು. ಬಳೆ ಸದ್ದಾಯಿತು. ರಾಚಮ್ಮನ ದನಿ ಕೇಳಿಸಿತು, ಮನೆಗೆಲಸದವಳನ್ನು ತಿದ್ದುವ ಹಾಗೆ. "ಅಲ್ಲಲ್ಲ, ದೊಡ್ಡದು ಈ ಕಡೆ... ಬುಡು, ಬುಡು ಕೈಯ..." ಆಮೇಲೆ ಅದೂ ನಿಂತಿತು. ಕೆಮ್ಮಿದರು, ತಟ್ಟಿದರು, ಕೊನೆಗೆ ಅಳಿಯ ಹಾರೆ ತಂದು ಬಾಗಿಲು ಮೀಟಿದ.

ರಾಚಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಕಣ್ಣು ಶೋಕೇಸಿನ ಮೇಲೆ. ಉಸಿರಿರಲಿಲ್ಲ. ಬೆರಳ ತುದಿಯಲ್ಲಿ ಕುಂಕುಮ. ಗಾಜು ಮುಚ್ಚಿತ್ತು, ಬೀಗ ಬಿದ್ದಿತ್ತು. ಒಳಗೆ ಮೇಲಿನ ಅಂಕಣದಲ್ಲಿ ಅರ್ಧ ಸಾಮಾನು ದೊಡ್ಡದರಿಂದ ಚಿಕ್ಕದಕ್ಕೆ ದಾರ ಹಿಡಿದ ಹಾಗೆ ಸಾಲು ನಿಂತಿತ್ತು. ಕೆಳಗಿನ ಅಂಕಣದಲ್ಲಿ ಉಳಿದರ್ಧ, ಒಂದನ್ನೊಂದು ನೋಡಿಕೊಂಡು, ನಡುವೆ ಜಾಗ ಬಿಟ್ಟುಕೊಂಡು...

ಪುಟ್ಟಮಾದಮ್ಮ ಲಾಟೀನಿನ ಬತ್ತಿ ಏರಿಸಿದಳು. ಯಾರೂ ಗೂಡು ಕೀಳುತ್ತಿರಲಿಲ್ಲ.

"ಈಗ?" ಎಂದಳು ಚಿಕ್ಕತಾಯಿ, ತುಂಬ ಮೆಲ್ಲಗೆ.

"ಈಗೇನು? ಅಂಗೇ ಅದೆ. ಮೇಲಿನ ಅಂಕಣ ರಾಚಿದು, ಕೆಳಗಿಂದು ಯಶೋದಂದು. ಸಿಂಧು ಮುಟ್ಟಾಕಿಲ್ಲ, ಧೂಳೂ ಒರ್ಸಾಕಿಲ್ಲ. ಆದ್ರೂ ಧೂಳು ಕೂರಾಕಿಲ್ಲ. ಬರೋ ಅಮಾಸೆಗೆ ಇಬ್ರಿಗೂ ಎಡೆ ಇಟ್ಟು ಕಳಿಸ್ಬುಡವಾ ಅಂತವಳೆ ಮಗು. ಏನಿಡದು? ಈಗ ಅವ್ರಿಬ್ರೂ ಜೀವ ಇಟ್ಕಂಡಿರದು ಒಂದೇ ಮಾತ್ನ ಮೇಲೆ. ನಿನ್ ಕೈಯೇ ಚೆಂದ ಅನ್ನಿಸ್ಕಬೇಕು. ಅದನ್ನ ಇಬ್ರ ಎಲೆಗೂ ಬಡ್ಸಕಾದದಾ?"

ಅವಳು ಚಂದ್ರಿಕೆಯನ್ನು ಪಕ್ಕಕ್ಕಿಟ್ಟು, ಮಂಡಿ ಹಿಡಿದುಕೊಂಡು ನಿಧಾನವಾಗಿ ಎದ್ದಳು.

"ಬದುಕಿರೋರಲ್ಲಿ ಇಬ್ರ ಕೈಯನ್ನೂ ಮೊದ್ಲಿಂದ ಕಂಡೋಳು ನಾನೊಬ್ಳೇ. ಅದಕ್ಕೇ ನನ್ನೇ ಕೇಳ್ತರೆ. ದೀಪ ಆರಿಸಿ ಗೋಡೆ ಕಡೆ ತಲೆ ಆಕಿದ್ರೆ ಸಾಕು, ಗೋಡೆ ಆ ಕಡೆಯಿಂದ... ಮಾದಕ್ಕ, ಯಾರ್ದು ಚೆಂದ? ಮೇಲಿಂದು ಅಂದ್ರೆ ಯಶೋದ ಬುಡಾಕಿಲ್ಲ, ಕೆಳಗಿಂದು ಅಂದ್ರೆ ರಾಚಿ ಬುಡಾಕಿಲ್ಲ. ನಾಳೆ ಏಳ್ತೀನಿ ಕಣ್ರವ್ವ ಅನ್ಕಂಡೇ ಒಂದು ವರ್ಸ ನೂಕಿವ್ನಿ."

ಬಾಗಿಲ ಹತ್ತಿರ ಹೋಗಿ ಮಳೆಗೆ ಗೋಣಿ ಕೊಪ್ಪೆ ಹಾಕಿಕೊಂಡಳು. ಹಾಕಿಕೊಂಡವಳು ಹೊರಗೆ ಕಾಲಿಡದೆ ಅಲ್ಲೇ ನಿಂತಳು.

"ಯಾವತ್ತೂ ಒಬ್ರ ಮಾತ್ನ ಇನ್ನೊಬ್ರು ಒಪ್ದೋರಲ್ಲ ಅವ್ರು. ನಿನ್ನೆ 'ನಾಳೆ ಅನ್ನದು ಸಾಕು ಮಾದಕ್ಕ' ಅಂದ್ರು. ಇಬ್ರೂ ಒಟ್ಗೇ ಅಂದ್ರು."